ನಾಲ್ಕು ತಲೆಮಾರಿನ ಪಯಣ



ಕೆಂಭಾವಿಯ ಭೋಗಯ್ಯನವರು ಊರು ತೊರೆದು ಹೊರಟಾಗ ಊರೊಳಗಿನ ಲಿಂಗಗಳೆಲ್ಲ ಅವರನ್ನು ಹಿಂಬಾಲಿಸಿದವೆಂಬ ಕಥೆ ನಮ್ಮ ಪುರಾಣಗಳಲ್ಲಿ ಪ್ರಸಿದ್ಧವಾಗಿದೆ. ಅದೇ ಊರಿನ ನಮ್ಮ ಮನೆಯಿಂದ ಹದಿಮೂರು ಜನರು ಎರಡು ದಿನದ ಮಟ್ಟಿಗೆ ಹೊರಡಬೇಕಾದರೆ ಎರಡು ತಿಂಗಳು ಚರ್ಚೆ ನಡೆಯಿತು. ಎಂಬತ್ತಾರರ ನಮ್ಮ ತಾಯಿಯವರಿಂದ ಮೊದಲ್ಗೊಂಡು ಮೂರು ವರ್ಷದ ಮರಿಮಗನವರೆಗೆ ನಾಲ್ಕು ತಲೆಮಾರು. ರಜೆಯಲ್ಲಿ ಮನೆಮಂದಿಯೆಲ್ಲ ಕೂಡಿ ಹೋಗಬೇಕೆಂದು ಬಯಸುವ ಸದ್ಭಕ್ತರಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು ಬರೆಯುತ್ತಿದ್ದೇನೆ. ಅದರಲ್ಲಿ ನನ್ನ ತಪ್ಪೇ ಹೆಚ್ಚು.

2023ರ ಮೇ ತಿಂಗಳಲ್ಲಿ ನಾನೇ ಮುಂದಾಗಿ ಶ್ರೀಶೈಲದ ಯಾತ್ರೆ ಗೊತ್ತುಮಾಡಿದ್ದೆನು. ದಾರಿಯಲ್ಲಿ ರಾಯಚೂರಿನ ಕೋಟೆ, ಆಲಂಪುರದ ನವಬ್ರಹ್ಮ ದೇವಾಲಯಗಳು, ಸಂಜೆಯೊಳಗೆ ಮಲ್ಲಿಕಾರ್ಜುನನ ದರ್ಶನ, ಎಲ್ಲಕ್ಕೂ ಗಳಿಗೆ ನಿಗದಿಯಾಗಿತ್ತು. ನಲ್ಲಮಲದ ಕಾಡಿನ ದಾರಿಯನ್ನು ರಾತ್ರಿ 9ಕ್ಕೆ ಮುಚ್ಚುತ್ತಾರೆ. ಆದುದರಿಂದ ನಸುಕಿನ 4ಕ್ಕೇ ಹೊರಡಬೇಕೆಂದು ಕಟ್ಟಪ್ಪಣೆ ಮಾಡಿದೆನು. ಇಷ್ಟಲಿಂಗ ಪೂಜೆಯಾಗದೆ ತಾಯಿಯವರು ನೀರನ್ನೂ ಮುಟ್ಟುವವರಲ್ಲ. ಇದನ್ನು ಬಾಲ್ಯದಿಂದ ಕಂಡವನು ನಾನು; ಮಠದಲ್ಲಿ ಓದಿದವನೂ ಹೌದು. ಆದರೂ ಮರೆತೆನು. ಅವರು ಒಂದು ಮಾತೂ ಆಡದೆ ಗಾಡಿ ಹತ್ತಿದರು. ರಾಯಚೂರಿನಲ್ಲಿ ಹೇಗೋ ಪೂಜೆ ಮುಗಿಸಿ ತುಸು ಉಂಡರಾದರೂ ನೀರು ಕುಡಿಯಲಿಲ್ಲ. ದಾರಿಯಲ್ಲಿ ಹೆಂಗಸರಿಗೆ ಶೌಚಾಲಯ ಸಿಕ್ಕೀತೋ ಇಲ್ಲವೋ ಎಂಬ ಅಂಜಿಕೆ ಅವರದು. ಪ್ರಯಾಣದಲ್ಲಿ ನಮ್ಮ ಹಿರಿಯ ಹೆಣ್ಣುಮಕ್ಕಳು ಗಂಟಲೊಣಗಿಸಿಕೊಂಡು ಕೂಡುವುದು ಇದೇ ಕಾರಣಕ್ಕೆಂಬುದನ್ನು ನಾವು ಗಂಡಸರು ಅರಿಯುವುದಿಲ್ಲ. ಆಲಂಪುರದ ಕಾದ ಕಲ್ಲುಹಾಸಿನ ಮೇಲೆ ಅವರು ತಲೆಸುತ್ತಿ ಕುಸಿದರು. ಕರ್ನೂಲಿನ ಒಂದು ಆಸ್ಪತ್ರೆಯಲ್ಲಿ ಆ ರಾತ್ರಿ ಕಳೆಯಿತು. ಶ್ರೀಶೈಲವನ್ನು ಕಾಣದೆಯೇ ಹಿಂದಿರುಗಿದೆವು.

ಆಮೇಲೆ ಒಂದು ವರ್ಷ ಯಾರೂ ಪ್ರಯಾಣದ ಮಾತೆತ್ತಲಿಲ್ಲ. 2024ರ ದಸರೆಯ ರಜೆಗೆ ಮಕ್ಕಳೆಲ್ಲ ಬರುವರೆಂದು ತಿಳಿದಾಗ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆನು: "ಯವ್ವ, ನಿನಗ ಎಲ್ಲಿಗೆ ಹೋಗಬೇಕಂತ ಅದ?" ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, "ನನ್ನ ತವರೂರು ನೀರಾಗ ಅದ. ಆ ನೀರರ ಒಮ್ಮಿ ನೋಡಬೇಕು" ಎಂದರು.

ಅವರ ತವರು ಕೃಷ್ಣೆಯ ದಂಡೆಯ ಹಳ್ಳಿ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ನಮ್ಮ ಹೊಲಗಳಿಗೆ ಕಾಲುವೆಯ ನೀರು ಬಂದುದು ಅದೇ ಜಲಾಶಯದಿಂದ. ನಾಲ್ವತ್ತು ವರ್ಷ ಆ ನೀರನ್ನು ಉಂಡೆವು. ಅವರನ್ನು ಅದರ ದಂಡೆಗೆ ಕರೆದೊಯ್ಯಲಿಲ್ಲ.

ಹೀಗೆ ಯೋಜನೆ ತಾನಾಗಿಯೇ ಸಿದ್ಧವಾಯಿತು. ತಾಳಿಕೋಟೆ, ಮುದ್ದೇಬಿಹಾಳಗಳ ಮೇಲೆ ತಂಗಡಗಿ. ಹೊಳೆ ದಾಟಿ ಕೂಡಲಸಂಗಮದಲ್ಲಿ ವಸತಿ. ಮರುದಿನ ನಾಲತವಾಡದ ದಾರಿಯಾಗಿ ಹಿನ್ನೀರು ನೋಡಿ, ಊರ ಸಮೀಪದಲ್ಲಿಯೇ ಇರುವ ದೇವರ ದಾಸಿಮಯ್ಯನವರ ಮುದನೂರಿಗೆ ಹೋಗಿ ಮನೆ ಸೇರುವುದು. ಮುಂಜಾನೆ ಪೂಜೆ, ಪ್ರಸಾದ, ಗುಳಿಗೆಗಳೆಲ್ಲ ಮುಗಿದ ಮೇಲೆಯೇ ಗಾಡಿ ಹೊರಡತಕ್ಕದ್ದು. ಎರಡು ತಾಸಿಗೊಮ್ಮೆ ಹೆಂಗಸರಿಗೆ ಅನುಕೂಲವಿರುವ ಕಡೆ ನಿಲ್ಲತಕ್ಕದ್ದು.

ಬೆಂಗಳೂರಿನಿಂದ ಯಾದಗಿರಿಗೆ ರೈಲಿನಲ್ಲಿ ಬರುವ ನನ್ನ ತಮ್ಮನ ಕುಟುಂಬಕ್ಕೆ ಒಂದು ಸೂಚನೆ ಕೊಟ್ಟಿದ್ದೆನು, ಓದುಗರೂ ಗಮನಿಸಬಹುದು. ಅರವತ್ತು ದಾಟಿದ ಗಂಡಸರಿಗೂ ನಾಲ್ವತ್ತೈದು ದಾಟಿದ ಹೆಂಗಸರಿಗೂ ಕೆಳಗಿನ ಬರ್ತಿನ ಪ್ರತ್ಯೇಕ ಕೋಟಾ ಉಂಟು. ಆದರೆ ಟಿಕೆಟಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇದ್ದರೆ ಅದು ದೊರೆಯುತ್ತದೆ. ಮಕ್ಕಳು ಮೊಮ್ಮಕ್ಕಳೊಡನೆ ಒಂದೇ ಟಿಕೆಟ್ ಮಾಡಿಸಿದರೆ ಆ ಕೋಟಾ ಅನ್ವಯಿಸುವುದಿಲ್ಲ. ಹಿರಿಯರ ಟಿಕೆಟನ್ನು ಬೇರೆಯಾಗಿ ಮಾಡಿಸುವುದು ಲೇಸು. ನಮ್ಮ ಕಡೆಯ ಪ್ರಯಾಣಕ್ಕೆ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಿರುವಾಗ ಬಾಡಿಗೆ ಗಾಡಿ ಏತಕ್ಕೆಂದು ಒಬ್ಬರು ಕೇಳಿದರು. ವೃದ್ಧರನ್ನೂ ಕೂಸನ್ನೂ ಕಟ್ಟಿಕೊಂಡು ಎರಡೆರಡು ಕಡೆ ಬಸ್ಸು ಬದಲಿಸುವುದು ನನಗೆ ಸರಿತೋರಲಿಲ್ಲ.

ಸೊಸೆಯಂದಿರ ವಿಷಯ ಉಳಿಯಿತು. ಮನೆಮಂದಿ ವಿಹಾರಕ್ಕೆ ಹೋದರೆ ಸ್ಟೋವು, ಪಾತ್ರೆಗಳೂ ಕೂಡ ಬರುತ್ತವೆ, ಅವುಗಳ ಹಿಂದೆ ಸೊಸೆಯರು. ಇದಕ್ಕೆ ವಿಹಾರವೆನ್ನುವುದು ಹೇಗೆ? ಒಂದು ಹೊತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ. ಉಳಿದುದಕ್ಕೆ ಸಂಗಮದ ದಾಸೋಹವೆಂದು ನಿರ್ಣಯಿಸಿದೆವು. ಹಿಂದಿನ ಸಲ ಎಮ್ಮೆಗಳಿಗಾಗಿ ಮನೆಯಲ್ಲುಳಿದಿದ್ದ ಎರಡನೆಯ ಸೊಸೆ ಈ ಸಲ ಮೊದಲು ಗಾಡಿ ಹತ್ತಿದಳು. ಎಮ್ಮೆ ಹಿಂಡುವ ಕೆಲಸವನ್ನು ನೆರೆಮನೆಯವರು ವಹಿಸಿಕೊಂಡರು, ಹಾಲು ಅವರದೇ ಎಂಬ ಒಪ್ಪಂದದ ಮೇಲೆ.

ತಂಗಡಗಿಯಲ್ಲಿ ನೀಲಾಂಬಿಕೆಯವರ ಐಕ್ಯಸ್ಥಳವಿದೆ. ಕಲ್ಯಾಣದಿಂದ ಸಂಗಮಕ್ಕೆ ಹೊರಟ ಆ ತಾಯಿ ಹೊಳೆಯ ಈಚೆಯ ದಂಡೆಯಲ್ಲಿಯೇ ಲಿಂಗೈಕ್ಯರಾದರೆಂದು ಪ್ರತೀತಿ. ತಾಯಿಯವರು ಅಲ್ಲಿ ಕುಳಿತಷ್ಟು ಹೊತ್ತು ಬೇರೆಲ್ಲಿಯೂ ಕುಳಿತಿರಲಿಲ್ಲ. ಮಕ್ಕಳು ಹೊಳೆಯನ್ನು ನೋಡುತ್ತ ಆಡಿಕೊಂಡಿದ್ದರು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಹಿನ್ನೀರಿನಿಂದ ಕಾಪಾಡಲು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ಮೊಣಕಾಲು ನೋಯುವವರನ್ನು ಒತ್ತಾಯಿಸಬಾರದು. ತಾಯಿಯವರು ಮೇಲಿನಿಂದಲೇ ಕೈಮುಗಿದರು. ಮೊಮ್ಮಗಳೊಬ್ಬಳು ಅವರ ಜೊತೆಗುಳಿದಳು.

ಮರುದಿನ ಮಧ್ಯಾಹ್ನ ಹಿನ್ನೀರಿನ ದಂಡೆಗೆ ಬಂದೆವು. ಮಳೆಗಾಲ ಆಗತಾನೆ ಮುಗಿದಿತ್ತು. ಕಣ್ಣು ಹಾಯುವವರೆಗೂ ನೀರು. ತಾಯಿಯವರು ಅಗಸೆ, ಹನುಮಪ್ಪನ ಕಟ್ಟೆ, ಮಠದ ಬೇವಿನ ಗಿಡ ಇವುಗಳನ್ನೆಲ್ಲ ನೀರಿನ ಮೇಲೆಯೇ ಬೆರಳಿನಿಂದ ತೋರಿಸತೊಡಗಿದರು. "ಅಜ್ಜಿ, ನಿಮ್ಮ ಮನೆ ಎಲ್ಲಿ?" ಎಂದು ಮರಿಮಗ ಕೇಳಿದನು. ಅವರು ಕೈಚಾಚಿದರು, ತುಸು ಯೋಚಿಸಿ, ಕೈಯನ್ನು ಇನ್ನಷ್ಟು ಎಡಕ್ಕೆ ಸರಿಸಿದರು. ಕೂಸು ಆ ಕಡೆಗೆ ಕೈಬೀಸಿತು.

ಹೊತ್ತು ಮುಳುಗುವವರೆಗೂ ಅಲ್ಲಿಯೇ ಇದ್ದೆವು. ಆದುದರಿಂದ ಮುದನೂರು ಅಂದು ತಪ್ಪಿತು; ದೀಪಾವಳಿಯ ಮರುದಿನ ಹೋಗಿಬಂದೆವು.