ನೆಟ್‌ವರ್ಕ್ ಕಾರ್ಡ್: ಡಬ್ಬಿ ಮೇಲಿನ ಅಂಕಿ ಕೊನೆಗೆ ನೋಡಿ

ಯುನಿಕ್ಸ್ ಸರ್ವರ್‌ಗೆ ನೆಟ್‌ವರ್ಕ್ ಕಾರ್ಡ್ ತಗೊಳ್ಳೋವಾಗ ಎಲ್ಲರೂ ಮೊದಲು ನೋಡೋದು ಡಬ್ಬಿ ಮೇಲಿನ ಅಂಕಿ. 1 ಗಿಗಾಬಿಟ್, 2.5, 10, 25... ನನ್ನ ಕೇಳಿದ್ರೆ ಆ ಅಂಕಿಯನ್ನ ಕೊನೆಗೆ ನೋಡಬೇಕು. ನಮ್ಮ ಗೋಕಾಕದಲ್ಲಿ ಎಲ್ಲ ಅಂಗಡಿಯ ಡಬ್ಬಿ ಮೇಲೂ 'ಗೋಕಾಕ ಕರದಂಟು' ಅಂತಲೇ ಇರುತ್ತೆ. ಬಾಯಿಗೆ ಹಾಕ್ಕೊಂಡ ಮೇಲೆ ತಾನೆ ಯಾವುದು ಹೆಂಗೆ ಅಂತ ಗೊತ್ತಾಗೋದು?

ಈ ಪುರಾಣ ಯಾಕೆ ಅಂದ್ರೆ, ಗೋಕಾಕದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರೋ ಗೆಳೆಯನೊಬ್ಬ ಮೊನ್ನೆ ಫಾಲ್ಸ್‌ಗೆ ಬಂದಿದ್ದ. ಅವನ ಹತ್ರ ಫ್ರೀಬಿಎಸ್‌ಡಿ ಹಾಕಿದ ಒಂದು ಸರ್ವರ್ ಇದೆ. ನಾಲ್ಕು ಹಾರ್ಡ್‌ಡಿಸ್ಕ್, ಝಡ್‌ಎಫ್‌ಎಸ್. ಮದುವೆ ವಿಡಿಯೋ ಎಲ್ಲ ಅದರೊಳಗೆ, ಮೂವರು ಹುಡುಗರು ಅಲ್ಲಿಂದಲೇ ಎಳ್ಕೊಂಡು ಎಡಿಟ್ ಮಾಡ್ತಾರೆ. ಈಗ ಎಲ್ಲಾ 4ಕೆ ನೋಡಿ! "ಲಗ್ನದ ಸೀಜನ್ ಬಂತು ದೋಸ್ತ, ಹುಡುಗ್ರು ಫೈಲ್ ಕಾಯಕೋತ ಕುಂಡ್ರತಾರ. ಬೀಗರು ದಿನಾ ಫೋನ್ ಮಾಡಿ ವಿಡಿಯೋ ಎಲ್ಲಿ ಅಂತ ಬೈತಾರ. ಹತ್ತ ಗಿಗಾದ್ದೊಂದ ಕಾರ್ಡ್ ಹೇಳಪಾ, ಕಣ್ಣ ಮುಚ್ಚಿ ತಗೋತೀನಿ" ಅಂದ. ಅವನ ವರ್ಷದ ಗಳಿಕೆ ಬಹುಪಾಲು ಆ ಎರಡು-ಮೂರು ತಿಂಗಳದ್ದು. ಕಣ್ಣು ಮುಚ್ಚಿ ಸುರಿಯೋ ದುಡ್ಡಲ್ಲ.

ಲೆಕ್ಕ ಹಾಕೋಣ. 1 ಗಿಗಾಬಿಟ್ ಅಂದ್ರೆ ಸೆಕೆಂಡಿಗೆ 125 ಮೆಗಾಬೈಟ್, ಕೈಗೆ ಸಿಗೋದು 110ರ ಆಸುಪಾಸು. ಮೂವರು ಹಂಚಿಕೊಂಡ್ರೆ ತಲೆಗೆ 40 ಕೂಡ ಇಲ್ಲ. ಹಾಗಾಗಿ ಹಳೇ ಕಾರ್ಡ್ ಸಾಲಲ್ಲ ಅನ್ನೋದು ನಿಜ. ಆದ್ರೆ 10 ಗಿಗಾಬಿಟ್ ಅಂದ್ರೆ ಸೆಕೆಂಡಿಗೆ 1250 ಮೆಗಾಬೈಟ್. ನಾಲ್ಕು ತಿರುಗೋ ಡಿಸ್ಕ್ ಸೇರಿ ಅಷ್ಟು ಎಲ್ಲಿಂದ ಕೊಡ್ತವೆ? ಒಂದೇ ದೊಡ್ಡ ಫೈಲನ್ನ ಸಾಲಾಗಿ ಓದಿದ್ರೆ 400-500. ಮೂವರು ಮೂರು ಕಡೆ ಓದೋಕೆ ಶುರು ಮಾಡಿದ್ರೆ ಡಿಸ್ಕಿನ ಮುಳ್ಳು ಅತ್ತಿಂದಿತ್ತ ಓಡಾಡೋದ್ರಲ್ಲೇ ಸುಸ್ತು.

ಫಾಲ್ಸ್‌ನೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಘಟಪ್ರಭಾ 52 ಮೀಟರ್ ಮೇಲಿಂದ ಹೆಂಗೆ ಬೀಳ್ತಾಳೆ ನೋಡಿದ್ದೀರಲ್ಲ. ಆದ್ರೆ 1880ರ ದಶಕದಲ್ಲಿ ಶುರುವಾದ ಇಲ್ಲಿನ ನೂಲಿನ ಗಿರಣಿಗೆ ಬಲ ಕೊಟ್ಟಿದ್ದು ಪೈಪಿನೊಳಗೆ ಇಳಿದು ಟರ್ಬೈನ್ ತಿರುಗಿಸಿದ ನೀರು ಮಾತ್ರ. ಹೊರಗೆ ಬಿದ್ದಿದ್ದು ನೋಡೋಕೆ ಬಂದೋರ ಪಾಲಿಗೆ.

ಡಿಸ್ಕ್ ಆಯ್ತು, ಇನ್ನು ಸ್ಲಾಟ್. ಮದರ್‌ಬೋರ್ಡಿನಲ್ಲಿ ಉದ್ದ ಕಾಣೋ ಎರಡನೇ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಎಷ್ಟೋ ಸಲ ನೋಡೋಕೆ ಹದಿನಾರರದ್ದು, ಒಳಗೆ ತಂತಿ ನಾಲ್ಕರದ್ದು. ಎರಡನೇ ತಲೆಮಾರಿನ ನಾಲ್ಕು ಲೇನ್ ಇದ್ರೆ 2 ಗಿಗಾಬೈಟ್ ಸಿಗುತ್ತೆ, ಒಂದು ಪೋರ್ಟಿಗೆ ಧಾರಾಳ ಸಾಕು. ಒಂದೇ ಲೇನ್ ಇದ್ರೆ 500 ಮೆಗಾಬೈಟಿಗೆ ಆಟ ಮುಗೀತು.

ಎಲ್ಲಕ್ಕಿಂತ ದೊಡ್ಡದು ಡ್ರೈವರ್. 1500 ಬೈಟಿನ ಪ್ಯಾಕೆಟ್ ಆದ್ರೆ 10 ಗಿಗಾಬಿಟ್ ಅಂದ್ರೆ ಸೆಕೆಂಡಿಗೆ ಎಂಟು ಲಕ್ಷಕ್ಕೂ ಹೆಚ್ಚು ಪ್ಯಾಕೆಟ್! ಒಂದೊಂದಕ್ಕೂ ಸಿಪಿಯುವನ್ನ ಎಬ್ಬಿಸಿದ್ರೆ ಅದು ಬೇರೆ ಕೆಲಸ ಯಾವಾಗ ಮಾಡೋದು? ಒಳ್ಳೆ ಕಾರ್ಡು ಒಂದಿಷ್ಟು ಕೂಡಿಹಾಕಿ ಒಂದೇ ಸಲ ಕರೆಯುತ್ತೆ, ಬೇರೆ ಬೇರೆ ಕೋರ್‌ಗಳಿಗೆ ಹಂಚುತ್ತೆ. ಹಳೇ ರಿಯಲ್‌ಟೆಕ್ 8139 ನೆನಪಿದೆಯಾ? ಬಂದ ಪ್ಯಾಕೆಟ್ಟನ್ನೆಲ್ಲ ಒಂದೇ ಬಫರಿಗೆ ಸುರಿಯೋದು, ಸಿಪಿಯು ಪ್ರತಿಯೊಂದನ್ನೂ ಎತ್ತಿ ಬೇರೆ ಕಡೆ ನಕಲು ಮಾಡಬೇಕಿತ್ತು. ಫ್ರೀಬಿಎಸ್‌ಡಿಗೆ ಅದರ ಡ್ರೈವರ್ ಬರೆದ ಬಿಲ್ ಪಾಲ್ ಆ ಚಿಪ್ಪನ್ನ ಕೋಡಿನ ಕಾಮೆಂಟಿನಲ್ಲೇ ಚೆನ್ನಾಗಿ ಬೈದಿಟ್ಟಿದ್ದಾನೆ (ಹುಡುಕಿ ಓದಿ, ಮಜಾ ಇದೆ). ಹಾಗಂತ ಬ್ರ್ಯಾಂಡ್ ಹೆಸರು ನೋಡಿ ಕುಣಿಯೋದೂ ಬೇಡ. ಇಂಟೆಲ್‌ನದೇ ಐ225 ಚಿಪ್ಪಿನ ಮೊದಲ ಆವೃತ್ತಿಗಳು 2.5 ಗಿಗಾಬಿಟ್‌ನಲ್ಲೇ ಎಡವಿದ್ದವು. ಹಾಗಾಗಿ ಡಬ್ಬಿ ಬದಲು ಚಿಪ್ಪಿನ ನಂಬರ್ ಕೇಳಿ. ಆಮೇಲೆ ನಿಮ್ಮ ಯುನಿಕ್ಸಿನ ಮ್ಯಾನ್ ಪುಟದಲ್ಲಿ ಆ ನಂಬರ್ ಇದೆಯಾ ನೋಡಿ.

ನೆಟ್‌ಫ್ಲಿಕ್ಸ್‌ನೋರು ಇದೇ ಫ್ರೀಬಿಎಸ್‌ಡಿ ಮೇಲೆ ಒಂದೇ ಸರ್ವರ್‌ನಿಂದ 2017ರಲ್ಲಿ 100 ಗಿಗಾಬಿಟ್ ಹರಿಸಿದ್ರು, 2021ರಲ್ಲಿ 400ರ ಹತ್ತಿರ ಹೋದ್ರು. ಅವರಿಗೂ ಅಡ್ಡ ಬಂದಿದ್ದು ಮೆಮೊರಿಯ ವೇಗ. ಗೂಢಲಿಪಿಯ ಕೆಲಸವನ್ನ ಕಾರ್ಡಿಗೇ ವಹಿಸಿದ ಮೇಲೆ ದಾರಿ ಬಿಡ್ತು. ನಮ್ಮ ಸ್ಟುಡಿಯೋಗೆ ಅಷ್ಟೆಲ್ಲ ಯಾಕೆ ಬೇಕು ಬಿಡಿ.

ಗೆಳೆಯನಿಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದು ಇಷ್ಟು: ಸರ್ವರ್‌ಗೆ ಒಂದು ಇಂಟೆಲ್ ಎಕ್ಸ್520, ಸೆಕೆಂಡ್ ಹ್ಯಾಂಡ್. 2009ರ ಚಿಪ್, ಆದ್ರೆ ಡ್ರೈವರ್ ಪಳಗಿದ್ದು. ನಕಲಿ ಕಾರ್ಡುಗಳೂ ಓಡಾಡ್ತವೆ, ತೀರ ಅಗ್ಗಕ್ಕೆ 'ಹೊಸದು' ಅಂದ್ರೆ ಬೇಡ. ಸ್ವಿಚ್ ತನಕ ಮೂರು ಮೀಟರ್ ತಾಮ್ರದ ಡಿಎಸಿ ಕೇಬಲ್. ಹುಡುಗರ ಕಂಪ್ಯೂಟರ್‌ಗೆ 2.5 ಗಿಗಾಬಿಟ್ ಸಾಕು, ಗೋಡೆಯೊಳಗಿನ ಹಳೇ ಕ್ಯಾಟ್ 5ಇ ತಂತಿಯೇ ನಡೆಯುತ್ತೆ. 25 ಗಿಗಾಬಿಟ್ ಕಾರ್ಡಿಗೆ ಅಂತ ಇಟ್ಟಿದ್ದ ದುಡ್ಡಲ್ಲಿ ಸರ್ವರ್‌ಗೆ ಮೆಮೊರಿ ಹಾಕಿಸು. ಒಬ್ಬ ಓದಿದ ಫೈಲನ್ನ ಇನ್ನೊಬ್ಬ ಕೇಳಿದ್ರೆ ಝಡ್‌ಎಫ್‌ಎಸ್ ಅದನ್ನ ಮೆಮೊರಿಯಿಂದಲೇ ಕೊಡುತ್ತೆ, ಡಿಸ್ಕಿಗೆ ಹೋಗೋದೇ ಇಲ್ಲ.

ಇನ್ನೊಂದು. ಈ ಕಾರ್ಡುಗಳೆಲ್ಲ ಜೋರು ಗಾಳಿ ಬೀಸೋ ಸರ್ವರ್ ಡಬ್ಬಿಗಳಿಗೆ ಅಂತ ಮಾಡಿದ್ದು. ಸಾದಾ ಕ್ಯಾಬಿನೆಟ್ಟಿನಲ್ಲಿ, ಅದೂ ನಮ್ಮ ಏಪ್ರಿಲ್ ಬಿಸಿಲಿಗೆ, ಮುಟ್ಟೋಕಾಗದಷ್ಟು ಕಾಯ್ತವೆ. ಕಾರ್ಡಿನ ಮುಂದೆ ಒಂದು ಸಣ್ಣ ಫ್ಯಾನ್ ಹಾಕದೆ ಇದ್ರೆ ನಾನು ಕೂಡಿಸೋಕೆ ಬರಲ್ಲ ಅಂತ ಹೇಳಿಬಿಟ್ಟಿದ್ದೀನಿ.