‘ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲ’ ಎನ್ನುವವರಿಗೆ

ಉದ್ಯೋಗನಿಮಿತ್ತ ವಿದೇಶಕ್ಕೆ ಹೋಗಿ ಬಂದವರ ಬಾಯಿಂದ ನಾನು ಎಷ್ಟೋ ಬಾರಿ ಕೇಳಿರುವ ಮಾತಿದು: ‘ಅಯ್ಯೋ, ಅಲ್ಲಿ ನಮ್ಮಂಥವರಿಗೆ ತಿನ್ನಲು ಏನೂ ಸಿಗುವುದಿಲ್ಲ.’ ಬಹುಪಾಲು ಇದು ಸುಳ್ಳು. ಬರಿಯ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಈ ಮಾತಿನ ಒಳಗೆ ಹಸಿವಿಗಿಂತ ತಿರಸ್ಕಾರವೇ ಹೆಚ್ಚಾಗಿದೆ.

ಇಥಿಯೋಪಿಯಾದ ಶಾಲೆಗಳಲ್ಲಿ ಪಾಠ ಹೇಳಲು ಭಾರತದಿಂದ ಸಾವಿರಾರು ಶಿಕ್ಷಕರು ಹೋಗುತ್ತಿದ್ದ ಕಾಲವೊಂದಿತ್ತು. ಚಕ್ರವರ್ತಿ ಹೈಲೆ ಸೆಲಾಸಿ 1974ರಲ್ಲಿ ಪದಚ್ಯುತರಾದ ಮೇಲೂ ಅದು ನಿಲ್ಲಲಿಲ್ಲ. 1981ರಲ್ಲಿ ನಾನು ಗಣಿತ ಕಲಿಸಲು ಕಾಫಾ ಪ್ರಾಂತ್ಯದ ಜಿಮ್ಮಾ ಪಟ್ಟಣಕ್ಕೆ ಹೋದೆನು. ನಮ್ಮವರೇ ಆದ ಕೆಲವು ಸಹೋದ್ಯೋಗಿಗಳು ಅಲ್ಲಿದ್ದಷ್ಟು ಕಾಲವೂ ಅನ್ನ, ತಿಳಿಸಾರು, ಊರಿನ ಉಪ್ಪಿನಕಾಯಿಗಳಲ್ಲೇ ದಿನ ನೂಕಿದರು. ಅದು ಅವರವರ ಇಷ್ಟ, ನನ್ನ ತಕರಾರಿಲ್ಲ. ಆದರೆ ಆ ಜನರ ಸಂಬಳ ಪಡೆಯುತ್ತ, ಆ ಜನರ ಇಂಜೆರಾವನ್ನು ‘ಹಳಸಿದ ಒರೆಸುಬಟ್ಟೆ’ ಎಂದು ಗೇಲಿ ಮಾಡುತ್ತಿದ್ದರಲ್ಲ, ತಕರಾರು ಅದಕ್ಕೆ.

ಇಂಜೆರಾ ಎಂದರೇನು? ಟೆಫ್ ಎಂಬ, ಗಸಗಸೆಯಂತೆ ಸಣ್ಣ ಧಾನ್ಯದ ಹಿಟ್ಟನ್ನು ಕಲಸಿ, ಹಿಂದಿನ ಸಲದ ಹುಳಿನೀರು ಬೆರೆಸಿ, ಎರಡು ಮೂರು ದಿನ ಹುದುಗಿಸಿ, ಅಗಲವಾದ ಮಣ್ಣಿನ ಕಾವಲಿಯ ಮೇಲೆ ಸುತ್ತಾಗಿ ಹೊಯ್ದು, ಮುಚ್ಚಿ, ಒಂದೇ ಮಗ್ಗುಲು ಬೇಯಿಸಿದ ದೋಸೆ. ಮೈತುಂಬ ಕಣ್ಣು. ಒಂದು ರಾತ್ರಿ ಹುದುಗಿದರೆ ಸಂಸ್ಕೃತಿ, ಮೂರು ರಾತ್ರಿ ಹುದುಗಿದರೆ ಹಳಸಲು ಎಂಬುದು ಯಾವ ಶಾಸ್ತ್ರದ ನ್ಯಾಯ? ಇಂದು ಬೆಂಗಳೂರಿನಲ್ಲಿ ಸೋರ್‌ಡೋ ಬ್ರೆಡ್ಡನ್ನು ದುಬಾರಿ ಬೆಲೆ ತೆತ್ತು ಕೊಳ್ಳುತ್ತಾರೆ. ಹುಳಿ ಬರುವ ಬಗೆ ಎರಡಕ್ಕೂ ಒಂದೇ. ಆದರೆ ಅದು ಯೂರೋಪಿನ ಒಲೆಯಿಂದ ಬಂದುದು, ಆದ್ದರಿಂದ ರುಚಿ!

ಸಸ್ಯಾಹಾರಿಗೆ ಅಲ್ಲಿ ಗತಿಯಿಲ್ಲವೆಂಬುದು ಇನ್ನೂ ದೊಡ್ಡ ಸುಳ್ಳು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ. ಈಸ್ಟರಿಗೆ ಮುನ್ನ 55 ದಿನಗಳ ದೊಡ್ಡ ವ್ರತ. ಎಲ್ಲ ಸೇರಿ ವರ್ಷದಲ್ಲಿ ಸುಮಾರು 180 ದಿನ ಮಾಂಸ, ಮೊಟ್ಟೆ ಹಾಗಿರಲಿ, ಹಾಲು ಬೆಣ್ಣೆಯನ್ನೂ ಮುಟ್ಟರು. ತಿಂಗಳಿಗೆರಡು ಏಕಾದಶಿಗೇ ಬೀಗುವವರು ಗಮನಿಸಬೇಕು. ಆ ದಿನಗಳಲ್ಲಿ ಇಂಜೆರಾದ ಮೇಲೆ ಕಡಲೆಹಿಟ್ಟಿನ ಶಿರೊ, ಖಾರದ ಮಸೂರ್ ಬೇಳೆ, ಸೊಪ್ಪಿನ ಪಲ್ಯ. ನಾನು ಸಸ್ಯಾಹಾರಿ, ಅವರ ಹಸಿಮಾಂಸದ ಕಿತ್ಫೊ ಬೇಡವೆಂದೆ, ಯಾರೂ ಬೇಸರಿಸಲಿಲ್ಲ. ಬೇಡವೆನ್ನುವುದೇ ಬೇರೆ, ಮೂಗು ಮುಚ್ಚಿಕೊಳ್ಳುವುದೇ ಬೇರೆ.

ಇನ್ನು ‘ನಮ್ಮದು’ ಎಂಬುದಾದರೂ ಎಷ್ಟು ನಮ್ಮದು? ನಮ್ಮ ರಾಗಿ ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ ಮೊದಲು ಕೃಷಿಗೆ ಬಂದು, ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ವಲಸೆ ಬಂದ ಧಾನ್ಯ. ಇಥಿಯೋಪಿಯಾದಲ್ಲಿ ಅದಕ್ಕೆ ದಗುಸಾ ಎನ್ನುತ್ತಾರೆ. ಕಾಫಿಗಿಡದ ತವರಂತೂ ನಾವಿದ್ದ ಆ ನೈಋತ್ಯ ಸೀಮೆಯ ಕಾಡುಗಳೇ. ಮುದ್ದೆ ನುಂಗಿ, ಮೇಲೆ ಕಾಫಿ ಕುಡಿದು, ‘ಆಫ್ರಿಕದಲ್ಲೇನಿದೆ’ ಎನ್ನುವವರಿಗೆ ಏನೆನ್ನೋಣ! ಅವರ ಗಡಿಯಾರವೂ ನಮ್ಮವರಿಗೆ ನಗೆಪಾಟಲಾಗಿತ್ತು. ಬೆಳಗಿನ ಏಳನ್ನು ಅವರು ಒಂದು ಗಂಟೆ ಎನ್ನುತ್ತಾರೆ. ದಿನದ ಎಣಿಕೆ ಬೆಳಗಿನಿಂದ. ನಕ್ಕವರ ಗೋಡೆಯ ಮೇಲೆ ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗ ತೂಗುತ್ತಿತ್ತು.

ಅಲ್ಲಿ ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು ಉಣ್ಣುತ್ತಾರೆ. ಮೊದಲೂ ಕಡೆಗೂ ಅತಿಥಿಯ ಕೈಗೆ ನೀರೆರೆಯುತ್ತಾರೆ. ಆದರ ತೋರಬೇಕಾದಾಗ ಇಂಜೆರಾದಲ್ಲಿ ಪಲ್ಯ ಸುತ್ತಿ ಅತಿಥಿಯ ಬಾಯಿಗೆ ತಾವೇ ಇಡುತ್ತಾರೆ; ಇದಕ್ಕೆ ಗುರ್ಶಾ ಎಂದು ಹೆಸರು. ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಅವನ ಅಜ್ಜಿ ಹೀಗೆ ತುತ್ತು ಚಾಚಿದಾಗ, ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ ‘ಎಂಜಲು’ ಎಂದು ಕನ್ನಡದಲ್ಲಿ ಗೊಣಗಿ ಮುಖ ತಿರುಗಿಸಿದರು. ಅಜ್ಜಿಗೆ ಭಾಷೆ ಬಾರದಿದ್ದರೂ ಮುಖ ಓದಲು ಬರುತ್ತಿತ್ತು. ಮಡಿವಂತಿಕೆಯೆಂದು ಇದನ್ನು ಕ್ಷಮಿಸಬಹುದಿತ್ತೇನೋ. ಆದರೆ ಇದೇ ಮಹನೀಯರು ಯೂರೋಪಿನ ವೈದ್ಯರೊಬ್ಬರ ಮನೆಯಲ್ಲಿ, ಮೊಟ್ಟೆ ಹಾಕಿದೆಯೆಂದು ತಿಳಿದೂ, ಕೇಕನ್ನು ಎರಡೆರಡು ಸಲ ಬಡಿಸಿಕೊಂಡುದನ್ನು ನಾನು ಕಣ್ಣಾರೆ ಕಂಡಿದ್ದೇನೆ.