ಗದ್ದೆಯ ವಿಷ, ಗ್ರಾಮದ ಅಧಿಕಾರ

ಕರಿಘಟ್ಟದ ಬುಡದಲ್ಲಿ ಲೋಕಪಾವನಿಯು ಕಾವೇರಿಯನ್ನು ಸೇರುವಳು. ಸುತ್ತಣ ಬತ್ತ ಕಬ್ಬುಗಳಿಗೆ ಹೊಡೆವ ‘ಔಷಧಿ’ಯೂ (ವಿಷಕ್ಕೆ ಈ ಹೆಸರನ್ನಿಟ್ಟ ಪುಣ್ಯಾತ್ಮರು ಯಾರೋ!) ಬಸಿನೀರಿನೊಡನೆ ಇಳಿಯುವುದು ಆ ಹೊಳೆಗಳಿಗೇ. ಇದನ್ನು ತಡೆಯಲು 1968ರ ಕೀಟನಾಶಕ ಕಾಯಿದೆಯು ರಾಜ್ಯಸರ್ಕಾರಕ್ಕೇ ಕೊಟ್ಟುದು 60 ದಿನಗಳ ತಾತ್ಕಾಲಿಕ ನಿಷೇಧಾಧಿಕಾರ, ವಿಚಾರಣೆ ಮುಗಿಯದಿದ್ದರೆ ಮತ್ತೆ 30 ದಿನ. ಪಂಚಾಯತಿಗೆ ಅದರಲ್ಲಿ ಪಾಲೇ ಇಲ್ಲ. ಕೃಷಿಯನ್ನು ಪಂಚಾಯತಿಗಳಿಗೆ ಸಲ್ಲತಕ್ಕ ವಿಷಯಗಳ ಮೊದಲಲ್ಲೇ ಬರೆದುದು 1992ರ ಸಂವಿಧಾನ ತಿದ್ದುಪಡಿಯಲ್ಲವೆ?

ಕಾಸರಗೋಡಿನ ಎಣ್ಮಕಜೆಯ ಕನ್ನಡಿಗರ ತಲೆಯ ಮೇಲೆ ಸುಮಾರು ಎರಡು ದಶಕ ಗೇರುತೋಟಗಳಿಗೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ದೇಶಕ್ಕೆಲ್ಲ ತಡೆಯಾಜ್ಞೆ ಸುಪ್ರೀಂ ಕೋರ್ಟಿನಿಂದ ಬಂದುದು 2011ರ ಮೇ ತಿಂಗಳಲ್ಲಿ.

ಪಂಚಾಯತಿಗೆ ತಜ್ಞತೆಯಿಲ್ಲವೆಂಬರು. ಯಾವ ವಿಷ ಯಾವ ಹುಳುವಿಗೆಂಬುದನ್ನು ತಜ್ಞರೇ ಹೇಳಲಿ. ಯಾವ ಬಾವಿಯ ನೀರನ್ನು ಯಾರು ಕುಡಿಯುವರೆಂಬುದನ್ನು ಊರವರು ಬಲ್ಲರು. ಹೊಳೆಯಂಚಿನ, ಶಾಲೆಯ ಬದಿಯ ಸಿಂಪಡಣೆಯನ್ನಾದರೂ ತಡೆಯುವ ಅಧಿಕಾರವನ್ನು ಅವರಿಗೆ ವಹಿಸಬೇಕೆಂದು ನಾವು ಸರ್ಕಾರವನ್ನು ಆಗ್ರಹಿಸುತ್ತೇವೆ.